ಕುಡಿಯುವ ನೀರಿನ ಕೆರೆಯ ಮೇಲೆ ಎಂಜಿನ್ ಎಣ್ಣೆ

ಎಂಜಿನ್ ರಿಪೇರಿ ಮಾಡುವವನ ಬದುಕಿನಲ್ಲಿ ನಗುವಂಥದ್ದು ಏನಾದರೊಂದು ನಡೆಯುತ್ತಲೇ ಇರುತ್ತದೆ. ನಡೆಯುವ ಹೊತ್ತಿಗೆ ಕೈಯಲ್ಲಿ ಬೋಲ್ಟು ತಿರುಗಿಸುವ ಪಾನಾ, ಮೊಣಕೈತನಕ ಎಣ್ಣೆ. ನಗಲು ಪುರಸತ್ತು ಎಲ್ಲಿ? ಈಗ ಪಾನಾ ಕೆಳಗಿಟ್ಟು ಕೂತಿದ್ದೇನೆ. ಪುರಸತ್ತು ಬೇಕಾದಷ್ಟಿದೆ.

ಹುಬ್ಬಳ್ಳಿಯಲ್ಲಿ ನನ್ನ ಕೆಲಸವೆಂದರೆ ಹಿಟ್ಟಿನ ಗಿರಣಿಯ ಎಂಜಿನ್ನು, ಬಾವಿಯ ನೀರೆತ್ತುವ ಎಂಜಿನ್ನು, ಇಂಥವೇ. ಐವತ್ತರ ದಶಕ ಮುಗಿಯುವ ಹೊತ್ತಿಗೆ ಇವುಗಳ ಜೊತೆ ಒಂದು ದೋಣಿಯೂ ಸೇರಿತು. ಊರಿಗೆ ಕುಡಿಯುವ ನೀರು ಕೊಡುವ ಕೆರೆ ಊರಿನಿಂದ ಆಚೆ ಇತ್ತು. ಕೆರೆಯ ನಡುವೆ ಒಂದು ಗೋಪುರ, ಅದರಲ್ಲಿ ನೀರು ಬಿಡುವ ತೂಬು. ಆ ಗೋಪುರಕ್ಕೆ ಹೋಗಿಬರಲು ನೀರು ಸರಬರಾಜು ಆಫೀಸಿನವರು ಎಂಜಿನ್ ಇದ್ದ ಒಂದು ದೋಣಿ ಇಟ್ಟಿದ್ದರು. ಕಾಗದದಲ್ಲಿ ಅದರ ಹೆಸರು ಮೋಟಾರ್ ಲಾಂಚ್.

ಲಾಂಚ್ ನಡೆಸುವವರನ್ನು ಎಲ್ಲರೂ ಕಾಕಾ ಎನ್ನುತ್ತಿದ್ದರು. ಐವತ್ತರ ಆಸುಪಾಸಿನ ಬಡಕಲು ಮನುಷ್ಯ. ದಿನಗೂಲಿಯ ಮೇಲೆ ಸೇರಿ ಏಳು ವರ್ಷವಾಗಿದ್ದರೂ ಇನ್ನೂ ದಿನಗೂಲಿಯೇ. ಕಾಯಂ ಆಗಬೇಕೆಂಬುದು ಅವರ ಒಂದೇ ಆಸೆ. ಅದಕ್ಕಾಗಿ ಖಾಕಿ ಬಟ್ಟೆಯನ್ನು ಮೊದಲೇ ಹೊಲಿಸಿ ಟ್ರಂಕಿನಲ್ಲಿಟ್ಟಿದ್ದರು. ಇದಕ್ಕೆ ಅಡ್ಡವಾಗಿ ನಿಂತಿದ್ದು ಓವರ್‌ಸಿಯರ್ ಸಾಹೇಬರ ಒಂದು ಮಾತು: "ಇದು ಜನಾ ಕುಡಿಯೋ ನೀರು. ಇದರ ಮ್ಯಾಲೆ ಒಂದು ಹನಿ ಎಣ್ಣಿ ತೇಲಿದ್ದು ಕಂಡ್ರ ಸಾಕು, ಲಾಂಚ್ ಮಾರಿ ಹುಟ್ಟು ಹಾಕೋ ದೋಣಿ ತರಸ್ತೇನಿ. ಕಾಯಂ ಅನ್ನೋ ಮಾತು ಅವತ್ತಿಗೇ ಮುಗೀತು."

ಎಂಜಿನ್ನಿಗೋ ಮೂರು ತಿಂಗಳಿಗೊಮ್ಮೆ ಎಣ್ಣೆ ಬದಲಿಸಲೇಬೇಕು. ನೀರಿನ ಮೇಲೆ ಕೂತು, ನೀರಿಗೆ ಹನಿ ಬೀಳದಂತೆ ಬದಲಿಸಬೇಕು. ಅದಕ್ಕೇ ನನ್ನನ್ನು ಕರೆದಿದ್ದರು.

ಬೀಗರ ಪ್ರಶ್ನೆ

ಆಗಲೇ ನನಗೆ ಹೆಣ್ಣು ನೋಡುತ್ತಿದ್ದರು. ಸುಳ್ಳದ ಒಬ್ಬ ರೈತರ ಮನೆಗೆ ಹೋದೆವು. ಊರ ಹೆಸರು ಸುಳ್ಳ, ಮಂದಿ ಮಾತ್ರ ಖರೇ ಮಾತಿನವರು. ಅವಲಕ್ಕಿ ಚಹಾ ಆದ ಮೇಲೆ ಹೆಣ್ಣಿನ ತಂದೆ ಕೇಳಿದರು: "ಏನು ಉದ್ಯೋಗರಿ ನಿಮ್ದು?"

"ಎಂಜಿನ್ ಮಿಸ್ತ್ರಿ ಇದ್ದೇನ್ರಿ. ಗಿರಣಿ ಎಂಜಿನ್, ಬಾವಿ ಎಂಜಿನ್, ದೋಣಿ ಎಂಜಿನ್, ಎಲ್ಲಾ ಮಾಡ್ತೇನ್ರಿ."

"ಯಾ ಊರಾಗ?"

"ಹುಬ್ಬಳ್ಳ್ಯಾಗ್ರಿ."

ಅವರು ಕಪ್ಪು ಕೆಳಗಿಟ್ಟರು. "ಹುಬ್ಬಳ್ಳ್ಯಾಗ ನಾಕು ದಿನಕ್ಕೊಮ್ಮೆ ನಳಾ ಬರತಾವು. ನಮ್ಮ ತಂಗಿ ಅಲ್ಲೇ ಅದಾಳ, ಕೊಡಾ ತುಂಬೂದಿಲ್ಲ ಅಂತಾಳ. ನೀವು ದೋಣಿ ಎಲ್ಲಿ ತೇಲಸ್ತೀರಿ?"

ಮಧ್ಯಸ್ಥಿಕೆಗೆ ಬಂದವರು ಕೆಮ್ಮಿದರು. ನಾನು ಎಷ್ಟು ಹೇಳಿದರೂ ಅವರ ಮುಖದ ಮೇಲಿನ ಸಂಶಯ ಹೋಗಲಿಲ್ಲ. ಕೊನೆಗೆ ಮುಂದಿನ ವಾರ ಅವರನ್ನು ಕೆರೆಗೇ ಕರೆದುಕೊಂಡು ಹೋದೆ. ದಂಡೆಯ ಮೇಲೆ ನಿಂತು ಲಾಂಚ್ ನೋಡಿದರು, ಕಾಕಾರನ್ನು ನೋಡಿದರು, ಕಣ್ಣು ಹಾಯುವಷ್ಟು ನೀರು ನೋಡಿದರು. ಹುಡುಗ ಸುಳ್ಳು ಹೇಳಿಲ್ಲ ಎಂದು ಖಾತ್ರಿಯಾಯಿತು. ಆದರೆ ಇನ್ನೊಂದು ಪ್ರಶ್ನೆ ಹುಟ್ಟಿತು. ಕಾಕಾರಿಗೆ ಕೇಳಿದರು: "ಇಷ್ಟು ನೀರು ಇಲ್ಲೇ ಇಟಗೊಂಡು ಊರಿಗೆ ಯಾಕ ಬಿಡವಲ್ರಿ?"

ಕಾಕಾ ಅಂದರು: "ಎಲ್ಲಾ ಬಿಟ್ರ ದೋಣಿ ಎಲ್ಲಿ ತೇಲಸೂದ್ರಿ?"

ಲಗ್ನ ಅಲ್ಲಿಯೇ ನಿಶ್ಚಯವಾಯಿತು.

ಹೆಪ್ಪು

ಲಾಂಚಿನ ಕೆಲಸಕ್ಕೆ ಹೋದ ಮೊದಲ ದಿನ ಎಂಜಿನ್ನಿನ ಎಣ್ಣೆ ಅಳೆಯುವ ಕಡ್ಡಿ ಎಳೆದು ನೋಡಿದೆ. ಡಾಂಬರು. ಎಣ್ಣೆಯ ವಿಷಯದಲ್ಲಿ ನಾನು ಸ್ವಲ್ಪ ಕಟ್ಟುನಿಟ್ಟಿನ ಮನುಷ್ಯ. ನಮ್ಮ ಮನೆಯಲ್ಲಿ ಅದಕ್ಕೆ ಹುಚ್ಚು ಎನ್ನುತ್ತಾರೆ. ಸಿಟ್ಟು ಬಂದೇ ಬಂತು. "ಕಾಕಾ, ಎಣ್ಣಿ ಬದಲಿ ಮಾಡಿ ಎಷ್ಟು ದಿನಾ ಆತ್ರಿ?"

"ಬದಲಿ ಮಾಡೇ ಇಲ್ರಿ ಮಿಸ್ತ್ರಿ. ಕಡಿಮಿ ಆದಂಗ ಮ್ಯಾಲೆ ಹಾಕ್ಕೋತ ಬಂದೇನಿ."

ಅವರದೂ ತಪ್ಪಲ್ಲ. ಎಣ್ಣೆ ಬಸಿಯುವ ಬೋಲ್ಟು ಎಂಜಿನ್ನಿನ ಹೊಟ್ಟೆಯ ಕೆಳಗೆ. ಅದಕ್ಕೂ ದೋಣಿಯ ತಳಕ್ಕೂ ನಡುವೆ ನಾಲ್ಕು ಬೆರಳು ಜಾಗ. ಬಿಚ್ಚಿದರೆ ಎಣ್ಣೆ ದೋಣಿಯ ತಳಕ್ಕೆ ಬಿದ್ದು, ಅಲ್ಲಿ ಜಿನುಗಿ ನಿಂತ ನೀರಿಗೆ ಸೇರುತ್ತದೆ. ಆ ನೀರನ್ನು ಮೊಗೆದು ಚೆಲ್ಲಬೇಕಾದ್ದು ಕೆರೆಗೇ. ಕಾಕಾ ಹೆದರಿ ಆ ಬೋಲ್ಟನ್ನು ಮುಟ್ಟಿರಲೇ ಇಲ್ಲ.

ನಾನು ಒಂದು ಹಳೆಯ ತಾಟನ್ನು ಬಡಿದು ಚಪ್ಪಟೆ ಮಾಡಿ ಕೆಳಗೆ ತೂರಿಸಿದೆ. ಚೂರು ಚೂರೇ ಬಸಿದು, ಅರಿವೆಯಿಂದ ಹಿಂಡಿ, ಡಬ್ಬಿಗೆ ತುಂಬಿದೆ. ನಾಲ್ಕು ತಾಸು ಹಿಡಿಯಿತು. ಸೊಂಟ ಎಂಟು ದಿನ ನೋಯಿತು. ಹೊಸ ಎಣ್ಣೆ ಸುರಿಯಬೇಕು, ಅಷ್ಟರಲ್ಲಿ ಕಾಕಾ ತಮ್ಮ ಚಹಾದ ಕಪ್ಪನ್ನು ಹುಷಾರಾಗಿ ಹಿಡಿದು ಬಂದರು. ಒಳಗೆ ಅರ್ಧ ಕಪ್ಪು ಹಳೆಯ ಎಣ್ಣೆ.

"ಇದೇನ್ರಿ ಕಾಕಾ?"

"ಹೆಪ್ಪಿಗೆ ತಗದಿಟ್ಟೇನ್ರಿ. ಹಳೇದು ಚೂರು ಬೀಳದ ಹೊಸಾದು ಹೆಂಗ ಹೊಂದತೈತಿ?"

ಹೆಪ್ಪು ಬೇಕಾದ್ದು ಹಾಲಿಗೆ, ಎಂಜಿನ್ನಿಗಲ್ಲ ಎಂದು ಅರ್ಧ ತಾಸು ತಿಳಿಸಿ ಹೇಳಿದೆ. ತಲೆಯಾಡಿಸಿದರು. ಹದಿನೈದು ದಿನ ಬಿಟ್ಟು ಹೋಗಿ ಕಡ್ಡಿ ಎಳೆದರೆ ಮತ್ತೆ ಕರಿ. ನಾನು ಕಾಕಾರ ಮುಖ ನೋಡಿದೆ. ಅವರು ಕೆರೆಯ ಕಡೆ ನೋಡಿದರು.

"ಹಾಕಿದ್ರಿ ಹೌದಿಲ್ಲೋ?"

"ನೀವು ಹೋದಮ್ಯಾಲೆ ಒಂದು ಚಮಚಾ ಅಷ್ಟರಿ."

"ಮತ್ತ ಎಂಜಿನ್ ಮಸರು ಆಗೇತೇನು?"

ಕಾಕಾ ಕಡ್ಡಿಯ ತುದಿಯನ್ನು ಬೆರಳಿನಿಂದ ಮುಟ್ಟಿ ನೋಡಿ ಹೇಳಿದರು: "ಹೆಪ್ಪು ಹಿಡದೈತಿ ಅನಸ್ತೈತ್ರಿ."

ದೇಶಪಾಂಡೆ ನಗರದ ದೂರು

ಒಂದು ದಿನ ಸಾಹೇಬರ ಜೀಪು ನನ್ನ ಅಂಗಡಿಯ ಮುಂದೆ ನಿಂತಿತು. ಹಿಂದಿನ ಸೀಟಿನಲ್ಲಿ ಕಾಕಾ, ಪೊಲೀಸರು ಹಿಡಿದುಕೊಂಡು ಹೋಗುವ ಕಳ್ಳನಂತೆ ಕೂತಿದ್ದರು. ದೇಶಪಾಂಡೆ ನಗರದ ಮನೆಯೊಡತಿ, ಬಾಯಾರು ಎಂದೇ ಕರೆಸಿಕೊಳ್ಳುವವರು, ನಳದ ನೀರಿನಲ್ಲಿ ಎಣ್ಣೆ ಬರುತ್ತಿದೆ ಎಂದು ಬರೆದು ದೂರು ಕೊಟ್ಟಿದ್ದರಂತೆ.

ದೇಶಪಾಂಡೆ ನಗರಕ್ಕೆ ಹೊರಟೆವು. ದಾರಿಯಲ್ಲಿ ಕಾಕಾ ನನ್ನ ಕಿವಿಯಲ್ಲಿ, "ಮಿಸ್ತ್ರಿ, ಆ ಒಂದು ಚಮಚಾ ಇಲ್ಲೀತನಕಾ ಬಂತೇನ್ರಿ?" ಎಂದರು. ನನಗೆ ನಗು ಬರಲಿಲ್ಲ.

ಬಾಯಾರು ನಮ್ಮನ್ನು ಬಚ್ಚಲಿಗೆ ಕರೆದುಕೊಂಡು ಹೋಗಿ ತೋರಿಸಿದರು. ನೀರಿನ ಮೇಲೆ ಬಣ್ಣಬಣ್ಣದ ಪೊರೆ ಖರೇನೇ ಇತ್ತು. ಸಾಹೇಬರು ಕಾಕಾರನ್ನು ನೋಡಿದ ನೋಟದಲ್ಲಿ ಏಳು ವರ್ಷದ ಚಾಕರಿ ತೇಲಿಹೋಯಿತು. ನಾನು ಬೊಗಸೆಯಲ್ಲಿ ನೀರು ಹಿಡಿದು ಮೂಸಿದೆ. ಎಂಜಿನ್ ಎಣ್ಣೆಯ ವಾಸನೆ ನನಗೆ ನಿದ್ದೆಯಲ್ಲೂ ಗೊತ್ತಾಗುತ್ತದೆ. ಇದು ಅದಲ್ಲ.

"ಬಾಯಾರ, ನೀರು ತುಂಬಿಟ್ಟ ಈ ಡಬ್ಬಿ ಹಳೇದೇನ್ರಿ?"

"ಇಲ್ರಿ, ಮೊನ್ನೆ ತಂದೇನಿ. ಕಿರಾಣಿ ಅಂಗಡ್ಯಾಂವ ಖಾಲಿ ಮಾಡಿ ಕೊಟ್ಟಾನ."

"ಏನು ಖಾಲಿ ಮಾಡಿದಾ?"

"ಚಿಮಣಿ ಎಣ್ಣಿ" ಎಂದು ಹೇಳಿ ಬಾಯಾರು ಅಲ್ಲಿಗೇ ನಿಂತರು. ಸೀಮೆಎಣ್ಣೆಯ ಡಬ್ಬಿ ನೋಡಿದರು, ನಮ್ಮನ್ನು ನೋಡಿದರು. ಸೋಲುವ ಜಾತಿಯವರಲ್ಲ. ಸಾಹೇಬರ ಕಡೆ ತಿರುಗಿ ಕೇಳಿದರು: "ಅಲ್ರಿ, ದಿನಾ ನೀರು ಬಿಟ್ಟಿದ್ರ ನಾ ಡಬ್ಬಿ ಯಾಕ ತರತಿದ್ದೆ?"

ಸಾಹೇಬರು ಚಹಾಕ್ಕೂ ನಿಲ್ಲದೆ ಜೀಪು ಹತ್ತಿದರು.

ಶನಿವಾರದ ಎಣ್ಣೆ

ಗಿರಣಿಗಳ ಕೆಲಸದ ನಡುವೆ ಒಮ್ಮೆ ನನಗೆ ಶನಿವಾರವೇ ಬಿಡುವು ಸಿಕ್ಕಿತು. ಹೊಸ ಎಣ್ಣೆಯ ಡಬ್ಬಿ ಹಿಡಿದು ಕೆರೆಗೆ ಹೋದರೆ ಕಾಕಾ ಲಾಂಚಿಗೆ ಅಡ್ಡ ನಿಂತರು. "ಶನಿವಾರ ಎಣ್ಣಿ ಮನಿಗೆ ತರಬಾರದ್ರಿ."

"ಇದು ದೋಣಿರಿ ಕಾಕಾ, ಮನಿ ಅಲ್ಲ."

"ದಿನಕ್ಕ ಹತ್ತು ತಾಸು ಇಲ್ಲೇ ಇರತೇನಿ. ಅಲ್ಲಿಗೆ ಮಲಗಾಕಷ್ಟ ಹೋಗ್ತೇನಿ. ಯಾವುದು ಮನಿ ನೀವ ಹೇಳ್ರಿ."

"ಇದು ತಿನ್ನೋ ಎಣ್ಣಿನೂ ಅಲ್ಲಲ್ರಿ."

"ಶನಿ ಮಹಾರಾಜ ರುಚಿ ನೋಡಿ ಬಿಡತಾನೇನ್ರಿ?"

ನಾನು ಡಬ್ಬಿ ಕೆಳಗಿಟ್ಟೆ. ಮೊದಲೇ ಕಾಯಂ ಆಗದೆ ತೂಗಾಡುತ್ತಿರುವ ಮನುಷ್ಯ, ಶನಿಯನ್ನು ಎದುರು ಹಾಕಿಕೊ ಎಂದು ಹೇಳುವುದು ಹೇಗೆ? ಕೊನೆಗೆ ದಾರಿ ಅವರೇ ಹುಡುಕಿದರು. ದಂಡೆಯ ಮೇಲೆ ಸಣ್ಣದೊಂದು ಹನುಮಪ್ಪನ ಗುಡಿ ಇತ್ತು. ಶನಿವಾರ ಹನುಮಪ್ಪನಿಗೆ ಎಣ್ಣೆ ಕೊಡುವುದು ಪುಣ್ಯ. ಮೊದಲು ಅವನಿಗೊಂದು ಚಮಚ ಏರಿಸಿಬಿಟ್ಟರೆ ಉಳಿದದ್ದು ಪ್ರಸಾದ, ಪ್ರಸಾದಕ್ಕೆ ವಾರ ಇಲ್ಲ. ಹಾಗೇ ಆಯಿತು. ಎಂಜಿನ್ನು ಪ್ರಸಾದ ಕುಡಿಯಿತು.

ಮುಂದಿನ ಸಲ ಹೋದಾಗ ಪೂಜಾರಿ ದಾರಿಯಲ್ಲೇ ಹಿಡಿದರು. "ಅವತ್ತ ದೇವರಿಗೆ ಎಣ್ಣಿ ಕೊಟ್ಟಾವರು ನೀವ ಏನು?" ನಾನು ಬೈಸಿಕೊಳ್ಳಲು ತಯಾರಾದೆ. ಅವರು ಹತ್ತಿರ ಬಂದು ದನಿ ತಗ್ಗಿಸಿದರು: "ಉಳದದ್ದನ್ನ ಗುಡಿ ಬಾಗಲದ ಬಿಜಾಗರಿಗೆ ಹಚ್ಚಿದೆ. ಹತ್ತು ವರ್ಷದಿಂದ ಕಿರ್ ಅನ್ನತಿತ್ತು, ಗಪ್ಪಾಗೇತಿ. ಇನ್ನೂ ಎರಡು ಬಾಗಲಾ ಅದಾವು. ಮತ್ತ ಯಾವ ಶನಿವಾರ ಬರ್ತೀರಿ?"

ಭಾವನ ಪಿಚಕಾರಿ

ಚಪ್ಪಟೆ ತಾಟಿನ ಕೆಲಸ ನನ್ನ ಸೊಂಟವನ್ನು ಮುಗಿಸುವಂತಿತ್ತು. ಎಣ್ಣೆಯನ್ನು ಕೆಳಗಿನಿಂದ ಬಸಿಯುವ ಬದಲು ಮೇಲಿನಿಂದ ಎಳೆದರೆ ಹೇಗೆ ಎಂದು ತಲೆ ಓಡಿಸುತ್ತಿದ್ದೆ. ಧಾರವಾಡದಲ್ಲಿ ಅಕ್ಕನ ಮನೆಗೆ ಹೋದಾಗ ಉತ್ತರ ಸಿಕ್ಕಿತು. ರಂಗಪಂಚಮಿಯ ದಿನ. ಭಾವ ಅಂಗಳದಲ್ಲಿ ನಿಂತು, ತೋಳುದ್ದದ ಹಿತ್ತಾಳೆಯ ಪಿಚಕಾರಿಯಿಂದ ಒಂದೇ ಎಳೆತಕ್ಕೆ ಅರ್ಧ ಚರಿಗೆ ಬಣ್ಣ ಎಳೆದು, ಎದುರು ಮನೆಯ ಮಾಳಿಗೆಯ ಮೇಲಿದ್ದವರಿಗೆ ಹೊಡೆಯುತ್ತಿದ್ದರು. ಅವರ ತಂದೆಯ ಕಾಲದ ಪಿಚಕಾರಿ ಅದು. ಹಬ್ಬ ಮುಗಿದ ಕೂಡಲೇ ಕೇಳಿ ತಂದೆ.

ಎಣ್ಣೆ ಕಡ್ಡಿಯ ತೂತಿನಿಂದ ಒಂದು ಸಣ್ಣ ತಾಮ್ರದ ಕೊಳವೆ ಇಳಿಸಿ, ಅದರ ತುದಿಗೆ ರಬ್ಬರ್ ನಳಿಗೆ, ನಳಿಗೆಗೆ ಪಿಚಕಾರಿ. ಮೊದಲು ಎಂಜಿನ್ನನ್ನು ಹತ್ತು ನಿಮಿಷ ಓಡಿಸಬೇಕು. ಬಿಸಿಯಾದ ಎಣ್ಣೆ ತೆಳ್ಳಗಾಗುತ್ತದೆ, ತಳದ ಕೆಸರೂ ಅದರೊಂದಿಗೇ ಮೇಲೇಳುತ್ತದೆ. ಆಮೇಲೆ ಎಳೆಯುವುದು, ಡಬ್ಬಿಗೆ ಬಿಡುವುದು. ನಾಲ್ಕು ತಾಸಿನ ಕೆಲಸ ಅರ್ಧ ತಾಸಿಗೆ ಮುಗಿಯಿತು. ಬೋಲ್ಟು ಬಿಚ್ಚಬೇಕಿಲ್ಲ, ಹನಿ ಬೀಳುವುದಿಲ್ಲ. ಕಾಕಾ ಪಿಚಕಾರಿಗೆ ಕೈ ಮುಗಿದರು. ನನಗೂ ಒಳಗೊಳಗೇ ಹೆಮ್ಮೆಯಾಯಿತು, ಸುಳ್ಳು ಯಾಕೆ ಹೇಳಲಿ?

ಮುಂದಿನ ವರ್ಷ ಹೋಳಿ ಬಂದಾಗ ಭಾವ ಪಿಚಕಾರಿ ಕೇಳಿ ಕಳಿಸಿದರು. ಬಿಸಿನೀರು, ಸೀಗೆಪುಡಿ ಹಾಕಿ ತೊಳೆದೇ ಕೊಟ್ಟೆ. ಹೊರಗೆ ಫಳಫಳ. ಒಳಗಿನ ಚರ್ಮದ ವಾಶರ್ ಒಂದು ವರ್ಷದ ಎಣ್ಣೆ ಕುಡಿದು ಕೂತಿರುತ್ತದೆಂಬುದು ನನಗೆ ಹೊಳೆಯಲಿಲ್ಲ. ಭಾವ ಗುಲಾಬಿ ಬಣ್ಣ ತುಂಬಿ, ಗುರಿಯಿಟ್ಟು, ಬಿಳಿ ಧೋತ್ರ ಉಟ್ಟು ಹೊರಗೆ ಬಂದ ತಮ್ಮ ಮಾವನವರಿಗೇ, ಅಂದರೆ ನಮ್ಮಪ್ಪನಿಗೇ, ಹೊಡೆದರು.

ಉಳಿದವರ ಬಣ್ಣ ಸಂಜೆಯ ಜಳಕಕ್ಕೆ ಹೋಯಿತು. ಅಪ್ಪ ಮಾತ್ರ ಯುಗಾದಿಯ ಬೇವು ಬೆಲ್ಲವನ್ನೂ ಎಣ್ಣೆ ಹಿಡಿದ ಅದೇ ಬಣ್ಣದಲ್ಲಿ ತಿಂದರು.

ಕೂಡ್ರಿ ಸಾಹೇಬ್ರ

ಭಾವ ಬೇಡವೆಂದು ನನಗೇ ಬಿಟ್ಟ ಪಿಚಕಾರಿಯಲ್ಲೂ ಒಂದು ಕೊರತೆ ಉಳಿದಿತ್ತು. ಎಷ್ಟು ಎಳೆದರೂ ತಳದಲ್ಲಿ ಒಂದು ಸೇರಿನಷ್ಟು ಹಳೆಯ ಎಣ್ಣೆ ಹಾಗೇ ಇರುತ್ತಿತ್ತು, ವಾರದೊಳಗೆ ಹೊಸದನ್ನೂ ಕರಿ ಮಾಡುತ್ತಿತ್ತು. ಕಾರಣ ಇಷ್ಟೆ: ದೋಣಿಯ ಎಂಜಿನ್ನು ಹಿಂದಕ್ಕೆ ವಾಲಿ ಕೂತಿರುತ್ತದೆ. ಎಣ್ಣೆ ಹಿಂದೆ ಸೇರುತ್ತದೆ, ಕಡ್ಡಿಯ ತೂತು ಮುಂದಿದೆ. ದೋಣಿಯ ಮೂತಿ ಗೇಣಷ್ಟು ತಗ್ಗಿದರೆ ಎಣ್ಣೆ ತಾನೇ ಮುಂದಕ್ಕೆ ಬರುತ್ತದೆ. ಕಾಕಾರನ್ನು ಮೂತಿಯಲ್ಲಿ ಕೂರಿಸಿ ನೋಡಿದೆ. ಅವರು ಕೂತದ್ದೂ ಎದ್ದದ್ದೂ ದೋಣಿಗೆ ಗೊತ್ತಾಗಲಿಲ್ಲ.

ಆ ವಾರ ಕಾಯಂ ಮಾಡುವವರ ಯಾದಿ ಮೇಲಿನ ಆಫೀಸಿಗೆ ಹೋಗುವುದಿತ್ತು. ಕಾಕಾರ ಹೆಸರು ಸೇರಿಸುವುದೋ ಬಿಡುವುದೋ ಸಾಹೇಬರ ಕೈಯಲ್ಲಿತ್ತು. ನಾವು ಎಂಜಿನ್ ಬಿಸಿ ಮಾಡಿ, ಕೊಳವೆ ಇಳಿಸಿ, ಎಳೆಯಲು ಶುರು ಮಾಡಿದ್ದೇವೆ, ಅಷ್ಟರಲ್ಲಿ ದಂಡೆಯ ಮೇಲೆ ಜೀಪು ಬಂತು. ಸಾಹೇಬರು ಇಳಿದರು. ಸಾಹೇಬರು ಇಳಿದರೆ ಜೀಪು ಒಂದು ಗೇಣು ಮೇಲೇಳುತ್ತಿತ್ತು, ಅಂಥ ಆಳು.

"ಗೋಪುರಕ್ಕ ಹೋಗಬೇಕಾಗ್ಯದ."

"ಎಣ್ಣಿ ಬದಲಿ ನಡದೈತ್ರಿ ಸಾಹೇಬ್ರ. ಹತ್ತು ನಿಮಿಷರಿ" ಎಂದರು ಕಾಕಾ.

"ನಡೀಲಿ. ಹೆಂಗ ಮಾಡ್ತೀರಿ ನಾನೂ ನೋಡ್ತೇನಿ." ಹಿಂದೆ ನಾವಿದ್ದೆವು, ಸಾಮಾನಿತ್ತು. ಸಾಹೇಬರು ಮೂತಿಯ ಹಲಗೆಯ ಮೇಲೆ ಕೂತರು.

ಮೂತಿ ತಗ್ಗಿತು. ಪಿಚಕಾರಿ ಎಳೆದರೆ ಒಳಗೆ ಬಂದದ್ದು ವರ್ಷಗಟ್ಟಲೆ ತಳ ಬಿಡದ ಕರಿ ಕೆಸರು. "ಕಾಕಾ, ಬರಾಕತ್ತೈತ್ರಿ" ಎಂದು ಪಿಸುಗುಟ್ಟಿದೆ. ಕಾಕಾ ಪಿಚಕಾರಿ ನೋಡಿದರು, ಸಾಹೇಬರನ್ನು ನೋಡಿದರು, ಎಲ್ಲ ತಿಳಿದುಕೊಂಡರು. ಒಂದು ಪಿಚಕಾರಿ, ಎರಡು, ಮೂರು. ಹಳೆ ಎಣ್ಣೆಯ ಡಬ್ಬಿ ದೋಣಿಯ ಅಂಚಿನ ಹಲಗೆಯ ಮೇಲೆ ಬಾಯಿತನಕ ತುಂಬಿ ನಿಂತಿತ್ತು.

ಆಗ ಸಾಹೇಬರಿಗೆ ಬೇಸರ ಬಂತು. ಮೊಣಕಾಲ ಮೇಲೆ ಕೈಯೂರಿ ಏಳತೊಡಗಿದರು. ಅವರು ಎದ್ದರೆ ಮೂತಿ ಮೇಲೆ ಜಿಗಿಯುತ್ತದೆ, ದೋಣಿ ಹೊಯ್ದಾಡುತ್ತದೆ, ಡಬ್ಬಿ ಕೆರೆಯ ಪಾಲು. ಹನಿಯಲ್ಲ, ಡಬ್ಬಿ. ನನ್ನ ಎರಡೂ ಕೈ ಪಿಚಕಾರಿಯಲ್ಲಿ ಸಿಕ್ಕಿಕೊಂಡಿದ್ದವು.

ಇಷ್ಟು ವರ್ಷ "ಹೌದ್ರಿ ಸಾಹೇಬ್ರ" ಬಿಟ್ಟು ಬೇರೆ ಮಾತಾಡದ ಕಾಕಾ ಹೇಳಿದರು: "ಕೂಡ್ರಿ ಕೆಳಗ."

ಸಾಹೇಬರು ಅರ್ಧ ಎದ್ದವರು ಅರ್ಧಕ್ಕೇ ನಿಂತರು. "ಏನಂದಿ?"

"ಕೂಡ್ರಿ ಅಂದೇನ್ರಿ. ಸಾವಕಾಶ."

ಸಾಹೇಬರು ಸಾವಕಾಶ ಕೂತರು. ನಾನು ಕೊನೆಯ ಪಿಚಕಾರಿ ಎಳೆದೆ, ಬರಿ ಗಾಳಿ ಬಂತು. ತುಂಬಿದ ಡಬ್ಬಿಯನ್ನು ಕೆಳಗಿಳಿಸಿ ಮುಚ್ಚಳ ಹಾಕಿದೆ. ಕಾಕಾ ಕಾಯಂ ಆಗುವ ಆಸೆ ಅಲ್ಲಿಗೆ ಮುಗಿಯಿತೆಂದು ಕೈಕಟ್ಟಿ ನಿಂತರು.

"ಈಗ ಹೇಳು" ಎಂದರು ಸಾಹೇಬರು. "ಯಾಕ ಕೂಡಿಸಿದಿ?"

ಕಾಕಾ ಹೇಳಿದರು. ವಾಲಿದ ಎಂಜಿನ್ನು, ಹಿಂದೆ ನಿಲ್ಲುವ ಎಣ್ಣೆ, ತಗ್ಗಬೇಕಾದ ಮೂತಿ, ಅಂಚಿನ ಡಬ್ಬಿ, ಒಂದನ್ನೂ ಬಿಡದೆ ಹೇಳಿದರು. ಸಾಹೇಬರು ದೋಣಿಯ ಸುತ್ತ ನೀರನ್ನು ಬಗ್ಗಿ ನೋಡಿದರು. ಒಂದು ಹನಿ ಇರಲಿಲ್ಲ. ಆದರೂ ಅವರ ಮನಸ್ಸಿನಲ್ಲಿ ಒಂದು ಕೊರಗು ಉಳಿದಂತಿತ್ತು.

"ಅದಕ್ಕ ನಾನ ಬೇಕಾಗಿತ್ತೇನು? ಎರಡು ಕಲ್ಲು ತಂದು ಇಡಬೇಕಿತ್ತು."

ಕಾಕಾರಿಗೆ ಸುಳ್ಳು ಹೇಳಿ ರೂಢಿಯಿಲ್ಲ. "ಇಟ್ಟಿದ್ವಿರಿ ಸಾಹೇಬ್ರ" ಎಂದರು. "ಸಾಲಲಿಲ್ಲರಿ."

ನಾನು ಡಬ್ಬಿಯ ಮುಚ್ಚಳವನ್ನು ಮತ್ತೊಮ್ಮೆ ಬಿಗಿ ಮಾಡಿದೆ. ಮೊದಲು ಸಾಹೇಬರ ಹೊಟ್ಟೆ ಅಲುಗಿತು, ಆಮೇಲೆ ದೋಣಿ ಅಲುಗಿತು, ನಗು ಕೊನೆಗೆ ಬಂತು.

ಯಾದಿಯಲ್ಲಿ ಕಾಕಾರ ಹೆಸರು ಸೇರಿತು. ತಿಂಗಳೊಳಗೆ ಆದೇಶವೂ ಬಂತು. ಅದನ್ನು ಕೊಡಲು ಸಾಹೇಬರು ಕಾಕಾರನ್ನು ಆಫೀಸಿಗೆ ಕರೆಸಿದರು. ಕಾಗದ ಹಿಡಿದು ಕುರ್ಚಿಯಿಂದ ಅರ್ಧ ಎದ್ದವರು ಹಾಗೇ ನಿಂತು ಕೇಳಿದರಂತೆ: "ಪೂರಾ ಏಳಲೇನಪಾ?"

"ಏಳ್ರಿ ಸಾಹೇಬ್ರ" ಎಂದರಂತೆ ಕಾಕಾ. "ಇಲ್ಲಿ ಚೆಲ್ಲೂವಂಥಾದ್ದು ಏನೂ ಇಲ್ಲರಿ."